ಒಂದು ಗೋಡೆ ಮಕ್ಕಳಿಗೆ ಬಿಡಿ

ನಮ್ಮ ಹಿರಿಯರು ಮನೆಗೆಲಸದ ಮಾತು ಬಂದಾಗ ‘ಸಾರಣೆ ಕಾರಣೆ’ ಎಂಬ ಜೋಡಿ ಮಾತನ್ನು ಬಳಸುತ್ತಿದ್ದರು. ಸಾರಣೆಯೆಂದರೆ ಸಗಣಿಯಿಂದ ನೆಲವನ್ನೂ ಗೋಡೆಯ ಬುಡವನ್ನೂ ಸಾರಿಸುವುದು. ಕಾರಣೆಯೆಂದರೆ ಹಾಗೆ ಸಾರಿಸಿದ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಬಳಿದು ಗೆರೆ ಎಳೆಯುವುದು. ಮೊದಲನೆಯದು ಶುಚಿಗೆ, ಎರಡನೆಯದು ಚೆಲುವಿಗೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಆ ಜನಕ್ಕೆ ಚೆಲುವೆಂಬುದು ಕೆಲಸವೆಲ್ಲ ಮುಗಿದು ಬಿಡುವಾದಾಗ ಮಾಡುವ ವಿಲಾಸವಾಗಿರಲಿಲ್ಲ. ಮನೆಗೆಲಸದ ಒಂದು ಭಾಗವೇ ಆಗಿತ್ತು. ಆ ಕೆಲಸವನ್ನು ಮಾಡುತ್ತಿದ್ದವರು ಮನೆಯ ಹೆಂಗಸರು. ಅವರ ಪಕ್ಕದಲ್ಲಿ ಬಣ್ಣದ ಕರಟ ಹಿಡಿದು ನಿಂತು ಕಲಿಯುತ್ತಿದ್ದವರು ಹತ್ತು, ಹನ್ನೆರಡು, ಹದಿನಾಲ್ಕು ವಯಸ್ಸಿನ ಹುಡುಗಿಯರು.

ಇಂದು ನಾನು ಮಾತನಾಡಬೇಕೆಂದಿರುವುದು ಗೋಡೆಯ ಅಲಂಕಾರವನ್ನು ಕುರಿತು. ಅದರಲ್ಲಿಯೂ ಹದಿಹರೆಯದ ಮಕ್ಕಳು ತಮ್ಮ ಕೋಣೆಯ ಗೋಡೆಯನ್ನು ತಮ್ಮ ಕೈಯಿಂದಲೇ ಅಲಂಕರಿಸಿಕೊಳ್ಳುವುದನ್ನು ಕುರಿತು. ವಿಷಯ ಚಿಕ್ಕದೆಂದು ತಮಗೆ ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು. ಅದು ಚಿಕ್ಕದಲ್ಲವೆಂದು ತಿಳಿಯುವುದಕ್ಕೆ ನನಗೆ ಹೆಚ್ಚುಕಡಿಮೆ 40 ವರ್ಷ ಬೇಕಾಯಿತು. ಆ ತಿಳಿವಳಿಕೆ ಬಂದ ಬಗೆಯನ್ನು ಹೇಳದೆ ಬಣ್ಣ, ಕುಂಚಗಳ ಮಾತಿಗೆ ಹೋದರೆ ಮುಖ್ಯವಾದುದನ್ನೇ ಬಿಟ್ಟಂತಾದೀತು.

1986ರಲ್ಲಿ ಸೋಲ್ ನಗರದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಪಿ. ಟಿ. ಉಷಾ ಅಲ್ಲಿ 4 ಚಿನ್ನದ ಪದಕಗಳನ್ನು ಗೆದ್ದರು. ಆಗ ನನ್ನ ಮಗಳಿಗೆ 14 ವರ್ಷ. ಪತ್ರಿಕೆಗಳಲ್ಲಿ ಬಂದ ಉಷಾ ಅವರ ಚಿತ್ರಗಳನ್ನೆಲ್ಲ ಕತ್ತರಿಸಿಟ್ಟುಕೊಂಡು, ಮೈದಾಹಿಟ್ಟಿನ ಅಂಟು ಕಾಯಿಸಿ, ತನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿದಳು. ಅದೇ ವರ್ಷ ಹ್ಯಾಲಿಯ ಧೂಮಕೇತುವೂ ಸೂರ್ಯನ ಬಳಿ ಬಂದುಹೋಗಿತ್ತು. ಅದರ ದಾರಿಯನ್ನು ದೊಡ್ಡ ಕಾಗದವೊಂದರ ಮೇಲೆ ನೀಲಿ ಪೆನ್ಸಿಲ್ಲಿನಿಂದ ತಾನೇ ಬರೆದು, ಉಷಾ ಅವರ ತಲೆಯ ಮೇಲುಗಡೆ, ಓಟಗಾರ್ತಿಯೂ ಧೂಮಕೇತುವೂ ಒಂದೇ ದಿಕ್ಕಿಗೆ ಓಡುವಂತೆ ಹಚ್ಚಿದ್ದಳು. ಅಂಟು ಹೆಚ್ಚಾಗಿ ಕಾಗದ ಅಲ್ಲಲ್ಲಿ ಸುಕ್ಕುಗಟ್ಟಿತ್ತು. ನನ್ನ ಕಣ್ಣಿಗೆ ಕಂಡದ್ದು ಆ ಸುಕ್ಕು ಮಾತ್ರ.

ಮರುವರ್ಷ ಮಾಘಮಾಸದಲ್ಲಿ ನನ್ನ ಕೊನೆಯ ತಂಗಿಯ ಮದುವೆ. ನೆಂಟರಿಷ್ಟರು ಬಂದು ಇಳಿದುಕೊಳ್ಳುವ ಮನೆ, ಸುಣ್ಣ ಬಳಿಸಲೇಬೇಕು. ಸುಣ್ಣದ ಆಳು ಆ ಕೋಣೆಯ ಬಾಗಿಲಲ್ಲಿ ನಿಂತು, “ಇದನ್ನೇನು ಮಾಡಲಿ ಸ್ವಾಮೀ?” ಎಂದು ಕೇಳಿದ. “ಕೆರೆದು ಬಳಿ” ಎಂದೆ. ಅವನಿಗಾದರೂ ಕೇಳಬೇಕೆಂದು ತೋರಿತ್ತು, ನನಗೆ ತೋರಲಿಲ್ಲ. ಸಂಜೆ ಶಾಲೆಯಿಂದ ಬಂದ ಮಗಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಅಳಲಿಲ್ಲ, ಏನೂ ಹೇಳಲಿಲ್ಲ. ಪುಸ್ತಕದ ಚೀಲವನ್ನು ಮಂಚದ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ಆಮೇಲೆ ಮದುವೆಯಾಗಿ ಹುಬ್ಬಳ್ಳಿಗೆ ಹೋಗುವವರೆಗೆ, ಆ ಗೋಡೆಗೆ ಅವಳು ಒಂದು ಕ್ಯಾಲೆಂಡರನ್ನು ಕೂಡ ತೂಗುಹಾಕಲಿಲ್ಲ. ‘ಹುಡುಗಿಗೆ ಶಿಸ್ತು ಬಂತು’ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

ಕಳೆದ ವರ್ಷ ಅವಳ ಮಗಳು ಪಿ.ಯು.ಸಿ. ಓದುವುದಕ್ಕೆಂದು ಶಿವಮೊಗ್ಗೆಯ ನಮ್ಮ ಮನೆಗೆ ಬಂದಳು. ತಾಯಿ ಇದ್ದ ಕೋಣೆಯನ್ನೇ ಅವಳಿಗೆ ಕೊಟ್ಟೆವು. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ನಾನು ಪತ್ರಿಕೆ ಓದುತ್ತಿದ್ದಲ್ಲಿಗೆ ಬಂದು, “ಅಜ್ಜಾ, ಆ ಗೋಡೆ ನನಗೆ ಕೊಡ್ತೀಯಾ?” ಎಂದು ಕೇಳಿದಳು. ‘ಚಿತ್ರ ಅಂಟಿಸಲಾ’ ಎಂದು ಕೇಳಿದ್ದರೆ ಹೂಂ ಎಂದೋ ಊಹೂಂ ಎಂದೋ ಹೇಳಿ ಪುಟ ತಿರುವುತ್ತಿದ್ದೆ. ‘ಕೊಡ್ತೀಯಾ’ ಎಂಬ ಮಾತಿಗೆ ಪತ್ರಿಕೆಯನ್ನು ಮಡಿಸಿಡಬೇಕಾಯಿತು. ಗೋಡೆಯನ್ನು ಕೊಡುವುದೆಂದರೇನು? ಮನೆ ನನ್ನದು, ಗೋಡೆ ಮನೆಯದು. ಯೋಚಿಸಿ ಹೇಳುತ್ತೇನೆಂದೆ. ಅವಳು ಹೋಗಿ ತನ್ನ ಚೀಲದಿಂದ ಒಂದು ಪುಸ್ತಕ ತಂದು, “ಯೋಚನೆ ಮಾಡೋವರೆಗೆ ಇದನ್ನ ಓದು” ಎಂದು ನನ್ನ ಮುಂದಿಟ್ಟಳು. ಅದು ಆನ್ ಫ್ರಾಂಕ್ ಎಂಬ ಹುಡುಗಿಯ ದಿನಚರಿ. ಹೆಸರು ಕೇಳಿದ್ದೆ; ಓದಿರಲಿಲ್ಲ. ಓದಿದೆ, ಆ ಹುಡುಗಿಯ ಮನೆಯನ್ನು ಕುರಿತು ಸಿಕ್ಕಿದ್ದನ್ನೆಲ್ಲ ಆಮೇಲೆ ಓದಿದೆ.

ಆ ಕಥೆಯ ಹೊರರೂಪ ತಮ್ಮಲ್ಲಿ ಅನೇಕರಿಗೆ ತಿಳಿದದ್ದೇ. 1942ರ ಜುಲೈ 6ರಂದು ಆಮ್‌ಸ್ಟರ್‌ಡಾಮ್ ನಗರದ ಒಂದು ಯಹೂದಿ ಕುಟುಂಬ, ನಾಜಿಗಳ ಕೈಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ, ಕಾಲುವೆಯ ದಂಡೆಯ ಮೇಲಿದ್ದ ತಮ್ಮ ವ್ಯಾಪಾರದ ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡಿತು. ಕಿರಿಯ ಮಗಳು ಆನ್‌ಗೆ ಆಗತಾನೆ 13 ತುಂಬಿತ್ತು. ಕಿಟಕಿಗಳಿಗೆ ಪರದೆ, ಹಗಲಿನಲ್ಲಿ ಗಟ್ಟಿಯಾಗಿ ಹೆಜ್ಜೆ ಇಡುವಂತಿಲ್ಲ, ಮಾತನಾಡುವಂತಿಲ್ಲ. ಅವಳ ಪಾಲಿಗೆ ಬಂದದ್ದು ಓಣಿಯಂಥ ಒಂದು ಇಕ್ಕಟ್ಟಾದ ಕೋಣೆ. ಅದೂ ಅವಳೊಬ್ಬಳದಲ್ಲ, ಮೊದಲು ಅಕ್ಕನೊಡನೆ, ಅದೇ ವರ್ಷದ ನವೆಂಬರಿನಿಂದ ನಡುವಯಸ್ಸು ಮೀರಿದ ಒಬ್ಬ ದಂತವೈದ್ಯನೊಡನೆ ಅದನ್ನು ಹಂಚಿಕೊಳ್ಳಬೇಕಾಯಿತು.

ಅಡಗುವ ದಿನ ಬಂದೀತೆಂದು ಮೊದಲೇ ಅರಿತಿದ್ದ ತಂದೆ ಆಟೋ ಫ್ರಾಂಕ್, ಸಾಮಾನುಗಳನ್ನು ಗುಟ್ಟಾಗಿ ಅಲ್ಲಿಗೆ ಸಾಗಿಸುವಾಗ, ಮಗಳು ಕೂಡಿಟ್ಟಿದ್ದ ಚಿತ್ರದ ಕಾರ್ಡುಗಳನ್ನೂ ಸಿನಿಮಾ ತಾರೆಯರ ಚಿತ್ರಗಳನ್ನೂ ಮರೆಯದೆ ಸಾಗಿಸಿದ್ದರು. ಪ್ರಾಣಭಯದ ಆ ದಿನಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕದಲ್ಲಿ ಒಬ್ಬ ತಂದೆಗೆ ಈ ಕಾಗದದ ಚೂರುಗಳು ಒಯ್ಯಬೇಕಾದವುಗಳ ಪಟ್ಟಿಯಲ್ಲಿ ಕಂಡುವು. ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತೆ. ಮದುವೆಯ ಮನೆಯ ಸಂಭ್ರಮದಲ್ಲಿ ನಾನು ‘ಕೆರೆದು ಬಳಿ’ ಎಂದಿದ್ದೆ.

ಹುಡುಗಿ ಬಂದ ಕೆಲವೇ ದಿನಗಳಲ್ಲಿ ಅಂಟು, ಕುಂಚ ಹಿಡಿದು ಗೋಡೆಯನ್ನು ಚಿತ್ರಗಳಿಂದ ತುಂಬಿಸಿದಳು. ಅಲ್ಲಿ ಗ್ರೇಟಾ ಗಾರ್ಬೊ ಇದ್ದಳು. ಮುಂದೆ ರಾಣಿಯಾದ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಇದ್ದಳು. ಚಹಾ ಕುಡಿಯುವ ಚಿಂಪಾಂಜಿಗಳಿದ್ದುವು. ವರ್ಷ ಕಳೆದು ಹುಡುಗಿ ಬೆಳೆದಂತೆ ಗೋಡೆಯೂ ಬೆಳೆಯಿತು. ಸಿನಿಮಾ ತಾರೆಯರ ಪಕ್ಕದಲ್ಲಿ, ಕೆಲವೆಡೆ ಅವರ ಮೇಲೆಯೇ, ಲಿಯೊನಾರ್ಡೊ ಡ ವಿಂಚಿಯ ಮುಖ ಬಂತು. ಮೈಕೆಲೆಂಜೆಲೊ ಕಡೆದ ತಾಯಿ–ಮಗನ ಶಿಲ್ಪದ ಚಿತ್ರ ಬಂತು. ಒಂದು ಪದರದ ಮೇಲೆ ಇನ್ನೊಂದು ಪದರ. ಹದಿಮೂರರ ಮನಸ್ಸು ಹದಿನೈದಕ್ಕೆ ಹೇಗೆ ಹೊರಳಿತೆಂಬುದನ್ನು ದಿನಚರಿ ಹೇಳುವಷ್ಟೇ ಸ್ಪಷ್ಟವಾಗಿ ಆ ಗೋಡೆಯೂ ಹೇಳುತ್ತದೆ. ಪಕ್ಕದ ಕೋಣೆಯ ಗೋಡೆಯ ಮೇಲೆ ತಂದೆ ತಾಯಿ ಇಬ್ಬರು ಹೆಣ್ಣುಮಕ್ಕಳ ಎತ್ತರವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದರು. ಅಡಗಿದ್ದ ಎರಡು ವರ್ಷಗಳಲ್ಲಿ ಆನ್ 13 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದ್ದಳು.

1944ರ ಆಗಸ್ಟ್ 4ರಂದು ಅವರೆಲ್ಲರ ಬಂಧನವಾಯಿತು. ಮನೆಯ ಸಾಮಾನುಗಳನ್ನು ಹೊತ್ತು ಸಾಗಿಸಿದರು; ಗೋಡೆಗೆ ಅಂಟಿದ್ದ ಚಿತ್ರಗಳು ಹಾಗೆಯೇ ಉಳಿದುವು. 1945ರ ಆರಂಭದಲ್ಲಿ ಬೆರ್ಗನ್–ಬೆಲ್ಸನ್ ಶಿಬಿರದಲ್ಲಿ ಆನ್ ತೀರಿಕೊಂಡಳು. ಕುಟುಂಬದಲ್ಲಿ ಬದುಕಿ ಬಂದವರು ತಂದೆಯೊಬ್ಬರೇ. 1960ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾದಾಗಲೂ ಕೋಣೆಗಳನ್ನು ಅವರು ಬರಿದಾಗಿಯೇ ಇರಿಸಿದರು. ಮಂಚವಿಲ್ಲ, ಮೇಜಿಲ್ಲ, ಗೋಡೆಯ ಮೇಲೆ ಚಿತ್ರಗಳಿವೆ. ಜೋಪಾನವಾಗಿ ಸಂರಕ್ಷಿಸಿರುವ ಅವನ್ನು ಲೋಕದ ಜನ ಸಾಲುಗಟ್ಟಿ ಬಂದು ನೋಡಿ ಹೋಗುತ್ತಾರೆ. ಹದಿಮೂರರ ಹುಡುಗಿ ಅಂಟಿಸಿದ ಕಾಗದದ ಚೂರುಗಳು!

ಮರುದಿನ ಬೆಳಿಗ್ಗೆ ಮೊಮ್ಮಗಳಿಗೆ, “ಗೋಡೆ ನಿನ್ನದು” ಎಂದೆ.

ಹಾಗೆ ಹೇಳಿದ ಮೇಲೆ ಕೆಲಸದ ಮಾತು ಬಂತು. ಇಂಥ ಆಸೆ ತಮ್ಮ ಮನೆಯ ಮಕ್ಕಳಿಗೂ ಇದ್ದೀತು. ಆದುದರಿಂದ ನಾವು ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಗೋಡೆಯ ಆರೋಗ್ಯ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಚ್ಚಬಾರದು. ನೀರುಂಡ ಗೋಡೆಯ ಮೇಲೆ ಎಂಥ ಬಣ್ಣವೂ ಗುಳ್ಳೆ ಎದ್ದು ಉದುರುತ್ತದೆ. ಉಪ್ಪಿನಂಥ ಬಿಳಿಯ ಪುಡಿ ಮೇಲೆದ್ದಿದ್ದರೆ ಗೋಡೆಯೊಳಗೆ ನೀರು ಇಳಿಯುತ್ತಿದೆಯೆಂದು ತಿಳಿಯಬೇಕು. ಮೊದಲು ಅದನ್ನು ತಡೆಯಬೇಕು. ನಮ್ಮದು ಹಳೆಯ ಸುಣ್ಣದ ಗೋಡೆ. ಸುಣ್ಣದ ಸ್ವಭಾವವೇ ಬೇರೆ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಅಂಗಾರಾಮ್ಲ ಅನಿಲ ಹೊರಟುಹೋಗುತ್ತದೆ. ನೀರಿನಲ್ಲಿ ಅರಳಿಸಿ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ಅದು ಮತ್ತೆ ಕಲ್ಲಾಗುತ್ತದೆ. ತೆಳುವಾಗಿ ಬಳಿದರೆ ಗಟ್ಟಿ. ವರ್ಷವರ್ಷದ ಪದರಗಳು ದಪ್ಪವಾದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಅಂಗೈಯಿಂದ ಒರೆಸಿದಾಗ ಬಿಳಿಪುಡಿ ಹತ್ತಿದರೆ ಅದರ ಮೇಲೆ ಇಂದಿನ ಅಂಗಡಿಯ ಬಣ್ಣ ನಿಲ್ಲುವುದಿಲ್ಲ. ಸಡಿಲವಾದುದನ್ನೆಲ್ಲ ಹೆರೆದು, ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಒಂದು ಕೈ ಪ್ರೈಮರ್ ಬಳಿದು ಒಣಗಿಸಿ ಆಮೇಲೆ ಬಣ್ಣ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಎಣ್ಣೆಬಣ್ಣದ ಗೋಡೆಗಳನ್ನೂ ಬಾಗಿಲು ಕಿಟಕಿಗಳನ್ನೂ ಮಕ್ಕಳ ಕೈಯಲ್ಲಿ ಉಜ್ಜಿಸಬೇಡಿ. ಹಿಂದೆ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಅದರ ಧೂಳು ವಿಷ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣವನ್ನು ತೆಗೆಯಬೇಕಾದರೆ ನೀರು ಹಚ್ಚಿ, ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಹಾಕಿಕೊಂಡು, ತಿಳಿದ ದೊಡ್ಡವರೇ ತೆಗೆಯತಕ್ಕದ್ದು.

ನಮ್ಮ ಗೋಡೆಯನ್ನು ಹೆರೆಯುತ್ತಿದ್ದಾಗ ಮಂಚದ ಪಕ್ಕದಲ್ಲಿ, ಸುಣ್ಣದ ಐದಾರು ಪದರಗಳ ಕೆಳಗೆ, ಅಂಗೈಯಗಲದ ಒಂದು ಕಾಗದದ ಚೂರು ಸಿಕ್ಕಿತು. ಮೈದಾದ ಅಂಟು ಗಟ್ಟಿಯಾಗಿತ್ತು; ಸುಣ್ಣದ ಆಳು ಕೆರೆಯುವಾಗ ಅಷ್ಟು ಭಾಗ ಬಿಟ್ಟುಬಂದಿರಲಿಲ್ಲ. ಅದರ ಮೇಲೆ ನೀಲಿ ಪೆನ್ಸಿಲ್ಲಿನ ಬಾಗಿದ ಗೆರೆ ಮಸುಕಾಗಿ ಕಾಣುತ್ತಿತ್ತು. ಮೊಮ್ಮಗಳು ಇದೇನೆಂದು ಕೇಳಿದಳು. ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ಅವಳು ಆ ಚೂರಿನ ಮೇಲೆ ಬಣ್ಣ ಹತ್ತದಂತೆ ಸುತ್ತಲೂ ಕಾಗದದ ಪಟ್ಟಿ ಅಂಟಿಸಿ ಕೆಲಸ ಮುಂದುವರಿಸಿದಳು.

ಯಾವ ಬಣ್ಣ ಎಂಬ ಪ್ರಶ್ನೆ ಬಂದಾಗ ನನ್ನ ಹೆಂಡತಿ, “ಕೆಮ್ಮಣ್ಣಿನ ಬಣ್ಣ ಮಾಡು. ನಮ್ಮ ಮನೆಯಲ್ಲಿ ಅದೇ ಇತ್ತು” ಎಂದಳು. ‘ನಮ್ಮ ಮನೆ’ ಎಂದು ಅವಳು ಹೇಳಿದ್ದು ತನ್ನ ತವರನ್ನು. ಆ ಊರು 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಲ್ಲಿ ದೀಪಾವಳಿಗೆ ಮುಂಚೆ ಗೋಡೆಗೆ ಕೆಮ್ಮಣ್ಣು ಬಳಿದು ಶೇಡಿಯಿಂದ ಬಿಳಿಯ ಗೆರೆಗಳನ್ನು ಬರೆಯುತ್ತಿದ್ದರಂತೆ. ಅರವತ್ತು ವರ್ಷದಿಂದ ಅವಳು ಆ ಮಾತನ್ನು ಎತ್ತಿದ್ದು ಅಪರೂಪ. ಮೊಮ್ಮಗಳ ಗೋಡೆ ಅದನ್ನು ಎತ್ತಿಸಿತು.

ಸಾಗರ, ಸೊರಬ ಸೀಮೆಯ ದೀವರ ಮನೆಗಳ ಚಿತ್ತಾರವನ್ನು ತಾವು ಕಂಡಿರಬಹುದು. ಕೆಮ್ಮಣ್ಣಿನ ನೆಲೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿಯ ನಾರಿನಿಂದ ಮಾಡಿದ ಕುಂಚ. ಮದುವೆಯಲ್ಲಿ ವಧೂವರರನ್ನು ಕೂರಿಸುವ ಹಸೆಯ ಗೋಡೆಗೆ ಹೆಂಗಸರು ಇದನ್ನು ಬರೆಯುತ್ತಾರೆ. ಬಿಹಾರದ ಮಿಥಿಲೆಯಲ್ಲಿಯೂ ಇದಕ್ಕೆ ಸಂವಾದಿಯಾದ ಪದ್ಧತಿಯುಂಟು. ಅಲ್ಲಿ ಹೊಸ ದಂಪತಿಗಳ ಕೋಣೆಯ ಗೋಡೆಗೆ ತಾವರೆ, ಬಿದಿರುಗಳ ಚಿತ್ರ ಬರೆಯುತ್ತಾರೆ; ಆ ಕೋಣೆಗೆ ಕೋಹ್‌ಬರ್ ಎಂದು ಹೆಸರು. 1934ರ ಭೂಕಂಪದಲ್ಲಿ ಗೋಡೆಗಳು ಬಿದ್ದು ಮನೆಗಳ ಒಳಗು ಬಯಲಾದಾಗ, ಡಬ್ಲ್ಯು. ಜಿ. ಆರ್ಚರ್ ಎಂಬ ಅಧಿಕಾರಿಯ ಕಣ್ಣಿಗೆ ಈ ಚಿತ್ರಗಳು ಬಿದ್ದುವು. ಅದುವರೆಗೆ ಅವು ಮನೆಯವರ ಕಣ್ಣಿಗಾಗಿ ಮಾತ್ರ ಇದ್ದುವು. ಕೊಠಡಿಯ ಒಳಗೋಡೆಯ ಚಿತ್ರಕ್ಕೂ ಬೀದಿಗೆ ಕಾಣುವ ಚಿತ್ರಕ್ಕೂ ಇರುವ ವ್ಯತ್ಯಾಸ ಇದೇ. ಅದು ಯಾರನ್ನೂ ಮೆಚ್ಚಿಸಬೇಕಾಗಿಲ್ಲ.

ಹಸೆಯ ಚಿತ್ತಾರವನ್ನು ಹಾಗೆಯೇ ನಕಲು ಮಾಡಿ ಮಲಗುವ ಕೋಣೆಗೆ ಬರೆಯುವುದು ಉಚಿತವೆಂದು ನನಗೆ ತೋರುವುದಿಲ್ಲ. ಅದು ಮಂಗಳಕಾರ್ಯದ್ದು, ಅವರದು. ಬೇಕೆಂದರೆ ಅವರು ಕಾಗದದ ಮೇಲೂ ಬಟ್ಟೆಯ ಮೇಲೂ ಬರೆದದ್ದು ಈಗ ಕೊಳ್ಳಲು ಸಿಗುತ್ತದೆ. ಅವರಿಂದ ನಾವು ಕಲಿಯಬೇಕಾದದ್ದು ಗೆರೆಯ ಶಿಸ್ತು. ಎರಡೇ ಬಣ್ಣದಲ್ಲಿ ಗೋಡೆಯನ್ನು ತುಂಬುವ ಜಾಣ್ಮೆ. ಅಕ್ಕಿಹಿಟ್ಟು ಇಂದಿನ ಬಣ್ಣದ ಗೋಡೆಯ ಮೇಲೆ ಹೆಚ್ಚುಕಾಲ ನಿಲ್ಲದು, ಹುಳುಗಳನ್ನೂ ಕರೆಯುತ್ತದೆ. ಆದುದರಿಂದ ನಾವು ನೀರು ಬೆರೆಸುವ ಬಿಳಿಯ ಬಣ್ಣವನ್ನೇ ಬಳಸಿದೆವು. ನೇರ ಗೆರೆಗೆ ಬಡಗಿಗಳ ಉಪಾಯ ಮೇಲು: ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡು ತುದಿಗಳನ್ನೂ ಬಿಗಿಯಾಗಿ ಹಿಡಿದು ನಡುವೆ ಒಮ್ಮೆ ಮೀಟಿದರೆ ಗೋಡೆಯ ಮೇಲೆ ಗೆರೆ ಮೂಡುತ್ತದೆ. ಅದರ ಮೇಲೆ ಕುಂಚ ಹೋಗಲಿ.

ಏನನ್ನು ಬರೆಯಬೇಕು? ನಮ್ಮ ಮನೆಯ ಹುಡುಗಿ ಶರಾವತಿಯನ್ನು ಆರಿಸಿಕೊಂಡಳು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಕಡಲು ಸೇರುವ ನದಿ ಕೆಂಪು ಗೋಡೆಯ ಉದ್ದಕ್ಕೂ ಬಿಳಿಯ ಗೆರೆಯಾಗಿ ಹರಿಯಿತು. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ನಾಲ್ಕು ಎಳೆಗಳಾಗಿ ಕೆಳಗಿಳಿದುವು. ಚಿಕ್ಕ ನಕ್ಷೆಯನ್ನು ದೊಡ್ಡ ಗೋಡೆಗೆ ಏರಿಸುವುದು ಕಷ್ಟವಲ್ಲ. ನಕ್ಷೆಯ ಮೇಲೆ ಚೌಕಗಳನ್ನು ಎಳೆದು, ಗೋಡೆಯ ಮೇಲೂ ಅಷ್ಟೇ ಸಂಖ್ಯೆಯ ಚೌಕಗಳನ್ನು, ಒಂದೊಂದೂ ಒಂದು ಗೇಣಿನಂತೆ, ಪೆನ್ಸಿಲ್ಲಿನಲ್ಲಿ ಎಳೆದುಕೊಳ್ಳಬೇಕು. ಒಂದು ಚೌಕದಲ್ಲಿರುವುದನ್ನು ಅದರ ಜೋಡಿ ಚೌಕಕ್ಕೆ ಬರೆಯುತ್ತ ಹೋದರೆ ಸಾಕು. ಲಿಂಗನಮಕ್ಕಿಯ ಹಿನ್ನೀರು ಬರೆಯುವಾಗ ಹುಡುಗಿ ಅಜ್ಜಿಯನ್ನು ಕರೆದು, “ನಿಮ್ಮ ಊರು ಎಲ್ಲಿತ್ತು ಅಜ್ಜಿ?” ಎಂದು ಕೇಳಿದಳು. ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ ಒಂದೆಡೆ ಬೆರಳಿಟ್ಟಳು. ಆ ಬೆರಳಿಟ್ಟಲ್ಲಿ ಈಗ ನೀರಿನ ನಡುವೆ ಒಂದು ಹೆಂಚಿನ ಮನೆಯಿದೆ. ಅದರ ಗೋಡೆಗೆ ಸೂಜಿಯ ದಪ್ಪದ ಮೂರು ಗೆರೆಗಳ ಕಾರಣೆಯಿದೆ. ಅದನ್ನು ಬರೆದವಳು ಅಜ್ಜಿಯೇ.

ಎಲ್ಲರಿಗೂ ನದಿ ಬೇಕೆಂದಿಲ್ಲ. ಧಾರವಾಡ, ಹುಬ್ಬಳ್ಳಿಯ ಕಡೆಯ ಮಕ್ಕಳಿಗೆ ಕಸೂತಿಯಿದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಎಳೆ ಎಣಿಸಿ ಹೊಲಿಯುವ ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆಗಳು ಮೂಲತಃ ಚೌಕದ ಲೆಕ್ಕದವೇ ಆದುದರಿಂದ ಚೌಕ ಎಳೆದ ಗೋಡೆಗೆ ಅವು ತಾವಾಗಿಯೇ ಏರುತ್ತವೆ. ಅಮ್ಮನ ಹಳೆಯ ಇಳಕಲ್ ಸೀರೆ ಹರಿದಿದ್ದರೆ ಸೆರಗನ್ನು ಕತ್ತರಿಸಿ, ಮೇಲೂ ಕೆಳಗೂ ಬಿದಿರಿನ ಕಡ್ಡಿ ಸೇರಿಸಿ ಹೊಲಿದು ತೂಗುಹಾಕಬಹುದು. ಅಜ್ಜಿ ಹೊಲಿದ ಕೌದಿ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದರೆ ಅದಕ್ಕಿಂತ ಒಳ್ಳೆಯ ಗೋಡೆಯ ಚಿತ್ರ ಇನ್ನೊಂದಿಲ್ಲ. ರಂಗವಲ್ಲಿ ಬಲ್ಲವರು ಹದಿನೈದರಿಂದ ಎಂಟರ ಚುಕ್ಕಿಯನ್ನು ನೆಲದಿಂದ ಗೋಡೆಗೆ ಎತ್ತಬಹುದು.

ಚಿತ್ರ ಬರೆಯಲು ಬಾರದು ಎನ್ನುವ ಹುಡುಗರಿಗೆ ಅಡಿಗೆಮನೆಯಲ್ಲಿಯೇ ಅಚ್ಚುಗಳಿವೆ. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದರೆ ನಕ್ಷತ್ರ. ಬಾಳೆದಿಂಡನ್ನು ಕೊಯ್ದರೆ ಒಂದರೊಳಗೊಂದು ಬಳೆ. ಆಲೂಗೆಡ್ಡೆಯಲ್ಲಿ ಬೇಕಾದ ಆಕಾರವನ್ನು ಕೆತ್ತಿಕೊಳ್ಳಬಹುದು. ಕೊಯ್ದ ಮೇಲೆ ಬಟ್ಟೆಯಿಂದ ಒತ್ತಿ ನೀರನ್ನು ತೆಗೆದು, ಬಣ್ಣವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ಅದರಲ್ಲಿ ಅದ್ದಬೇಕು. ಮೊದಲ ಅಚ್ಚನ್ನು ಹಳೆಯ ಪತ್ರಿಕೆಯ ಮೇಲೆ ಒತ್ತಿ, ಎರಡನೆಯದನ್ನು ಗೋಡೆಗೆ ಒತ್ತಿದರೆ ಬಣ್ಣ ಸೋರುವುದಿಲ್ಲ. ದಪ್ಪ ಕಾಗದವನ್ನು ಮಡಿಸಿ ಕತ್ತರಿಸಿದ ಅಚ್ಚನ್ನು ಗೋಡೆಗಿಟ್ಟು ಸ್ಪಂಜಿನಿಂದ ಬಣ್ಣ ತಟ್ಟುವುದೂ ಸುಲಭ. ಒಂದೇ ಕಿವಿಮಾತು: ಇಡೀ ಕೋಣೆಯನ್ನು ತುಂಬಬೇಡಿ. ಒಂದು ಗೋಡೆ ಮಾತನಾಡುವಾಗ ಉಳಿದ ಮೂರು ಸುಮ್ಮನಿರಲಿ.

ಚಿತ್ರಗಳನ್ನು ಆಗಾಗ ಬದಲಾಯಿಸುವ ಮನಸ್ಸಿನವರು ಗೋಡೆಗೆ ನೂರು ಮೊಳೆ ಹೊಡೆಯಬೇಕಾಗಿಲ್ಲ. ಕಣ್ಣಿನ ಎತ್ತರಕ್ಕಿಂತ ತುಸು ಮೇಲೆ ಒಂದು ಮರದ ಪಟ್ಟಿಯನ್ನು ಸ್ಕ್ರೂ ಹಾಕಿ ಒಮ್ಮೆ ಭದ್ರಪಡಿಸಿದರೆ, ಅದರಿಂದ ಎಷ್ಟು ಬೇಕೋ ಅಷ್ಟು ಚಿತ್ರಗಳನ್ನು ದಾರದಲ್ಲಿ ಇಳಿಬಿಡಬಹುದು. ಹತ್ತಿಯ ಹಗ್ಗವೊಂದನ್ನು ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ ಸಿಕ್ಕಿಸಿದರೂ ಆದೀತು. ಬಾಡಿಗೆ ಮನೆಯಲ್ಲಿರುವವರಿಗೆ ಮನೆಯ ಯಜಮಾನರ ಭಯ ಸಹಜ. ಅವರು ದೊಡ್ಡದೊಂದು ಹಾರ್ಡ್‌ಬೋರ್ಡಿಗೆ ಖಾದಿಬಟ್ಟೆ ಬಿಗಿದು ಮೇಜಿನ ಹಿಂದೆ ಗೋಡೆಗೆ ಒರಗಿಸಿಟ್ಟರೆ ಸಾಕು. ಬರೆಯುವುದೋ ಅಂಟಿಸುವುದೋ ಅದರ ಮೇಲೆ ನಡೆಯಲಿ. ಮನೆ ಬದಲಾಯಿಸುವಾಗ ಗೋಡೆಯೂ ಜೊತೆಗೆ ಬರುತ್ತದೆ.

ಇನ್ನು ಹಿರಿಯರಿಗೆ ಒಂದು ಮಾತು. ಮಕ್ಕಳು ಗೋಡೆಯ ಮೇಲೆ ಹಾಕುವುದೆಲ್ಲ ನಮಗೆ ಹಿಡಿಸಲಾರದು. ಒಬ್ಬ ಆಟಗಾರ, ಒಬ್ಬ ನಟ, ನಮಗೆ ಅರ್ಥವಾಗದ ಹಾಡುಗಾರರ ತಂಡ, ಯಾವುದೋ ಭಾಷೆಯ ಒಂದು ಸಾಲು. ‘ದೇವರ ಚಿತ್ರ ಹಾಕಬಾರದೆ, ವಿವೇಕಾನಂದರ ಚಿತ್ರ ಹಾಕಬಾರದೆ’ ಎಂದು ನಮ್ಮ ನಾಲಗೆಗೆ ಬರುತ್ತದೆ. ಅವು ನಮ್ಮ ಗೋಡೆಗಳ ಮೇಲೆ ಇವೆಯಲ್ಲ! ಹದಿಹರೆಯದ ಮಗು ಆರಿಸುತ್ತಿರುವುದು ಚಿತ್ರವನ್ನಷ್ಟೇ ಅಲ್ಲ, ತಾನು ಯಾರ ಜೊತೆ ಇರಬೇಕೆಂಬುದನ್ನು. ಈ ವರ್ಷ ಆರಿಸಿದ್ದನ್ನು ಬರುವ ವರ್ಷ ತಾನೇ ಕಿತ್ತುಹಾಕೀತು. ಅದರ ಮೇಲೆ ಬೇರೆಯದನ್ನು ಅಂಟಿಸೀತು. ಆನ್ ಫ್ರಾಂಕ್‌ಗೆ ಯಾರೂ ‘ತಾರೆಯರನ್ನು ತೆಗೆದು ಲಿಯೊನಾರ್ಡೊನನ್ನು ಹಾಕು’ ಎಂದು ಹೇಳಬೇಕಾಗಲಿಲ್ಲ. ಗೋಡೆ ಅವಳ ಕೈಯಲ್ಲಿತ್ತು, ಅಷ್ಟೆ. ನಮ್ಮ ಕಾರಣೆಯೂ ಹಾಗೆಯೇ ಅಲ್ಲವೆ? ಒಂದು ಮಳೆಗಾಲದಲ್ಲಿ ಅಳಿಸಿಹೋಗುತ್ತಿತ್ತು. ದೀಪಾವಳಿಗೆ ಹೊಸದಾಗಿ ಬರೆಯುತ್ತಿದ್ದರು. ಅಳಿದದ್ದಕ್ಕೆ ಯಾರೂ ದುಃಖಿಸುತ್ತಿರಲಿಲ್ಲ. ಬರೆದ ಕೈಯೇ ಮತ್ತೆ ಬರೆಯುತ್ತಿತ್ತು.

ಈ ಸಲ ದೀಪಾವಳಿಗೆ ಮಗಳು ಹುಬ್ಬಳ್ಳಿಯಿಂದ ಬಂದಳು. ತನ್ನ ಹಳೆಯ ಕೋಣೆಗೆ ಹೋಗಿ ಕೆಂಪು ಗೋಡೆಯನ್ನೂ ಬಿಳಿಯ ನದಿಯನ್ನೂ ನೋಡಿದಳು. ಮಂಚದ ಪಕ್ಕದಲ್ಲಿ, ನದಿ ಹುಟ್ಟುವ ಕಡೆ, 4 ಬಿಳಿಯ ಗೆರೆಗಳ ಚೌಕದೊಳಗೆ ಉಳಿದಿದ್ದ ಹಳೆಯ ಕಾಗದದ ಚೂರಿನ ಬಳಿ ಬಗ್ಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕೆಂದುಕೊಂಡಿದ್ದ ಮಾತನ್ನು ಕೊನೆಗೂ ಹೇಳಿದೆ: “ಅವತ್ತು ನಾನು ತಪ್ಪು ಮಾಡಿದೆ, ಮಗಳೇ.” ಅವಳು ಆ ಚೂರನ್ನು ಬೆರಳಿನಿಂದ ಮುಟ್ಟುತ್ತ, “ಚಿತ್ರ ಹೋದದ್ದಕ್ಕಲ್ಲ ಅಪ್ಪಾ. ಒಂದು ಮಾತು ಕೇಳಬಹುದಾಗಿತ್ತು” ಎಂದಳು. ಆ ಮೇಲೆ ಮಗಳ ಕಡೆ ತಿರುಗಿ, “ಕುಂಚ ಎಲ್ಲಿದೆಯೇ?” ಎಂದಳು. ಮಧ್ಯಾಹ್ನದ ಹೊತ್ತಿಗೆ ಜೋಗದ ಮೇಲಿನ ಆಕಾಶದಲ್ಲಿ ಬಾಲವುಳ್ಳ ಒಂದು ನಕ್ಷತ್ರ ಬಂದಿತ್ತು.

ಬರುವ ವರ್ಷ ಮೊಮ್ಮಗಳ ಓದು ಮುಗಿಯುತ್ತದೆ. ಅವಳು ಬೇರೆ ಊರಿಗೆ ಹೋಗುತ್ತಾಳೆ. ಆಮೇಲೆ ಈ ಗೋಡೆಯನ್ನು ಏನು ಮಾಡುತ್ತೀರಿ ಎಂದು ನೆರೆಯವರು ಕೇಳಿದರು. ಉಳಿಸಲೇಬೇಕೆಂಬ ಹಟ ನನಗಿಲ್ಲ. ಗೋಡೆ ಇರುವುದೇ ಮತ್ತೆ ಮತ್ತೆ ಬಳಿಯುವುದಕ್ಕೆ. ಆದರೆ ಸುಣ್ಣದವನು ಬಂದು ಬಾಗಿಲಲ್ಲಿ ನಿಂತು ಕೇಳಿದರೆ ಈ ಸಲ ನಾನು ಉತ್ತರ ಹೇಳುವುದಿಲ್ಲ. “ತಡಿ, ಅವಳನ್ನು ಕೇಳಿ ಹೇಳುತ್ತೇನೆ” ಎನ್ನುತ್ತೇನೆ.